ಪರದೆಯ ಮೇಲಿನ ಹನ್ನೊಂದು ಸೆಕೆಂಡು

ಸುಟ್ಟದ್ದು ಹುಟ್ಟಿ ಒಂದು ಗಳಿಗೆಯೂ ಕಳೆಯದ ಹೆಣ್ಣುಕೂಸಿನ ಹೊಟ್ಟೆ. ಕೆಲಸ ಕಳೆದುಕೊಂಡದ್ದು ಆ ಕೂಸನ್ನು ಮೊದಲು ಕೈಗೆತ್ತಿಕೊಂಡ ಸೂಲಗಿತ್ತಿ. ಅವರ ಕೆಲಸ ನಿಂತ ಮೇಲೆ ಬೇನೆ ತಿನ್ನುತ್ತ ಎತ್ತಿನ ಗಾಡಿಯಲ್ಲಿ ಸಿಂದಗಿಯ ದಾರಿ ಹಿಡಿಯಬೇಕಾದದ್ದು ಆ ಹಳ್ಳಿಯ ಬಸುರಿಯರು. ಹೆರಿಗೆಯ ಪಾಠದ ಚಲನಚಿತ್ರ ತಯಾರಿಸಿದ ಇಂಗ್ಲೆಂಡಿನ ಕಂಪನಿಗೆ ಏನೂ ಆಗಲಿಲ್ಲ. ಅದನ್ನು ತರಿಸಿದ ನಮ್ಮ ಸಮಿತಿಗೂ ಏನೂ ಆಗಲಿಲ್ಲ. ಅದನ್ನು ಕನ್ನಡದಲ್ಲಿ ವಿವರಿಸಿದ ನನಗೆ ಎಚ್ಚರಿಕೆಯ ಒಂದು ಕಾಗದ ಬಂತು, ಅದೂ ಬೇರೆ ಕಾರಣಕ್ಕೆ. ಈ ಅನ್ಯಾಯದ ಲೆಕ್ಕ ನನಗೆ ಈಗಲೂ ಪೂರ್ತಿ ಅರ್ಥವಾಗಿಲ್ಲ. ಅರ್ಥವಾದಷ್ಟನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಈ ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಡೆದದ್ದಿದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳಲ್ಲಿ ಜಿಲ್ಲೆಯ ಸಮಿತಿಯೊಂದರ ಪರವಾಗಿ ಸ್ತ್ರೀಶಿಕ್ಷಣದ ಸಂಘಟಕಿಯಾಗಿ ನಾನು ಸಂಚರಿಸುತ್ತಿದ್ದೆ. ಸೂಲಗಿತ್ತಿಯರಿಗೆ ಸುರಕ್ಷಿತ ಹೆರಿಗೆಯ ಚಿತ್ರವೊಂದನ್ನು ತೋರಿಸಿ, ಕತ್ತರಿ, ದಾರ, ಸಾಬೂನು, ಬಟ್ಟಲುಗಳಿದ್ದ ಅಲ್ಯುಮಿನಿಯಂ ಡಬ್ಬಿ ಕೊಡುವುದು ಆ ವರ್ಷದ ಕೆಲಸವಾಗಿತ್ತು. ಡಬ್ಬಿ ಇದ್ದವರಿಗೆ ಮಾತ್ರ ಹೆರಿಗೆ ಮಾಡಿಸಲು ಸಮಿತಿಯ ಅನುಮತಿ.

ಪ್ರದರ್ಶನಗಳು ನಡೆಯುತ್ತಿದ್ದುದು ಮಧ್ಯಾಹ್ನ. ಅಡುಗೆ ಮುಗಿದ ಮೇಲೆ, ದನ ಮನೆಗೆ ಮರಳುವ ಮುಂಚೆ ಸಿಗುವ ಎರಡು ತಾಸು ಬಿಟ್ಟರೆ ಈ ಹೆಂಗಸರಿಗೆ ಬಿಡುವಿರಲಿಲ್ಲ. ಆದ್ದರಿಂದ ಹತ್ತಿ ಗೋದಾಮುಗಳನ್ನು ಬೇಡಿ ಪಡೆದು, ಕಿಟಕಿಗಳಿಗೆ ಗೋಣಿತಟ್ಟು ಬಡಿದು, ಹಗಲಿನಲ್ಲಿಯೇ ಕತ್ತಲೆ ಮಾಡಿಕೊಳ್ಳುತ್ತಿದ್ದೆವು. ಚಿತ್ರ ತೋರಿಸುವ ಯಂತ್ರ ನಡೆಸುತ್ತಿದ್ದವರು ಸಾಲೋಟಗಿಯ ಒಬ್ಬ ಹಿರಿಯ ಮುಸಲ್ಮಾನರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಎಣ್ಣೆ ಯಂತ್ರ, ಹೊಲಿಗೆ ಯಂತ್ರ, ಗಡಿಯಾರ ಎಲ್ಲವನ್ನೂ ಬಿಚ್ಚಿ ಕೂಡಿಸಬಲ್ಲ ಮನುಷ್ಯ.

ಚಿತ್ರ ಇಂಗ್ಲಿಷಿನದು, ಕಪ್ಪು ಬಿಳುಪಿನದು, ಹನ್ನೆರಡು ನಿಮಿಷದ್ದು. ಇಂಗ್ಲೆಂಡಿನಲ್ಲಿ ಟೆಲಿವಿಷನ್ ನಡೆಸುವ ಒಂದು ಸಂಸ್ಥೆಯ ಚಿತ್ರಶಾಖೆ ಅದನ್ನು ತಯಾರಿಸಿತ್ತು. ಟೆಲಿವಿಷನ್ನನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಚಿತ್ರದ ಮೂರು ಪ್ರತಿಗಳು, ಮೂರು ಸುರುಳಿಗಳಾಗಿ, ಮೂರು ತಗಡಿನ ಡಬ್ಬಿಗಳಲ್ಲಿ ಬಂದಿದ್ದವು. ತರಬೇತಿಯ ದಿನ ಆ ಚಿತ್ರವನ್ನು ನಾನು ಒಮ್ಮೆ, ಒಂದೇ ಒಂದು ಸಲ, ನೋಡಿದ್ದೆ. ಅದನ್ನು ನೋಡುತ್ತಲೇ ಕನ್ನಡದ ವಿವರಣೆ ಬರೆದು, ಎಡಬದಿಯಲ್ಲಿ ಯಾವ ಮಾತು ಎಷ್ಟನೆಯ ಸೆಕೆಂಡಿಗೆ ಎಂದು ಗುರುತು ಹಾಕಿಕೊಂಡಿದ್ದೆ. ಪರದೆಗೆ ಬೆಳಕು ಬಿದ್ದ ಕ್ಷಣ ಚಾಚಾ ಕೆಮ್ಮಿ ನನಗೆ ಸೂಚನೆ ಕೊಡುತ್ತಿದ್ದರು. ನಾನು ಗಡಿಯಾರ ಒತ್ತಿ, ನಾಲ್ಕು ಸೆಕೆಂಡು ಸುಮ್ಮನಿದ್ದು, ಓದಲು ತೊಡಗುತ್ತಿದ್ದೆ. ನನಗೆ ಕೊಟ್ಟಿದ್ದ ಧ್ವನಿವರ್ಧಕ ಕೆಟ್ಟಿದ್ದರಿಂದ, ಚಿತ್ರದ ದನಿಯನ್ನು ತಗ್ಗಿಸಿ, ನನ್ನ ಮಾತು ಕೇಳಿಸಲೆಂದು ಹೆಂಗಸರ ಕಡೆ ಮುಖ ಮಾಡಿ, ಪರದೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದೆ. ತೋರಿಸುವುದನ್ನು ತಾನು ನೋಡದೆ ಕಲಿಸಹೊರಟದ್ದು ಮೊದಲ ತಪ್ಪು, ಅದು ನನ್ನದು.

ಇಂಡಿಯಲ್ಲಿ ಎಲ್ಲ ಸರಿಯಾಗಿ ನಡೆಯಿತು. ಸಿಂದಗಿಯಲ್ಲಿ ಹೆಂಗಸರು ನಗಬಾರದ ಕಡೆ ನಕ್ಕರು. "ಈಗ ತಾಯಿಯ ಮುಖವನ್ನು ಗಮನಿಸಿರಿ" ಎಂದು ನಾನು ಗಂಭೀರವಾಗಿ ಓದಿದಾಗ ಹಿಂದಿನ ಸಾಲಿನಿಂದ ಒಬ್ಬಳು, "ತಾಯಿ ಮಾರಿ ಭಾಳ ಕುದಿಯಾಕತ್ತೈತಿ ಬಿಡ್ರಿ" ಎಂದಳು. ತಿರುಗಿ ನೋಡಿದರೆ ಪರದೆಯ ಮೇಲೆ ನೀರು ಕುದಿಯುವ ಒಂದು ಪಾತ್ರೆ. ಪ್ರದರ್ಶನ ಮುಗಿದ ಮೇಲೆ ಚಾಚಾ ಹೇಳಿದರು:

"ಅಕ್ಕಾರ, ನಿಮ್ಮ ಮಾತು ಮುಂದ ಓಡಾಕತ್ತಾವು. ಚಿತ್ರ ಹಿಂದ ಕುಂಟಾಕತ್ತೈತಿ."

"ನಿಮ್ಮ ಯಂತ್ರ ಸಾವಕಾಶ ತಿರುಗಾಕತ್ತೈತಿ ಚಾಚಾ. ಜನರೇಟರ್ ನೋಡ್ರಿ."

"ಜನರೇಟರ್ ಚಲೋ ಐತ್ರಿ."

"ಹಂಗಾರ ಚಿತ್ರ ಯಾಕ ಹಿಂದ ಬಿತ್ತು?"

ಅವರು ಮರುದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ಯಂತ್ರವನ್ನು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ ಕೂಡಿಸಿದರು. ಅದರಲ್ಲಿ ದೋಷವೇ ಇರಲಿಲ್ಲ. ಪರೀಕ್ಷಿಸದೆ ಕೈಕೆಳಗಿನವರನ್ನು ಸಂಶಯಿಸಿದ್ದು ಎರಡನೆಯ ತಪ್ಪು, ಅದೂ ನನ್ನದೇ.

ಅದೇ ವಾರ ದೇವರ ಹಿಪ್ಪರಗಿಯಲ್ಲಿ ಪ್ರದರ್ಶನವಾಯಿತು. ಸುತ್ತಲಿನ ಹಳ್ಳಿಗಳ ಸೂಲಗಿತ್ತಿಯರು ಬಂದಿದ್ದರು. ಅವರಲ್ಲಿ ಒಬ್ಬ ಎತ್ತರದ, ಮಿತಮಾತಿನ ಮುದುಕಿಯನ್ನು ಉಳಿದವರೆಲ್ಲ ಆಯಿ ಎಂದು ಕರೆಯುತ್ತಿದ್ದರು. ಡಬ್ಬಿ ತೆಗೆದುಕೊಳ್ಳುವಾಗ ಅವರು ಸೆರಗಿನಿಂದ ಕೈ ಒರೆಸಿಕೊಂಡು ಎರಡೂ ಕೈ ಚಾಚಿದರು. ನನಗೆ ಪರಮ ಸಂತೋಷವಾಯಿತು.

ಕೆಲವು ವಾರಗಳ ನಂತರ ಸಿಂದಗಿ ದವಾಖಾನೆಯಿಂದ ಕೂಡಲೇ ಬರಬೇಕೆಂದು ಚೀಟಿ ಬಂತು. ಮೈಸೂರು ಕಡೆಯಿಂದ ವರ್ಗವಾಗಿ ಬಂದಿದ್ದ ಡಾಕ್ಟರು ನನಗೆ ಕೂಸಿನ ಹೊಟ್ಟೆಯನ್ನು ತೋರಿಸಿದರು. ಹೊಕ್ಕುಳ ಬಳ್ಳಿಯ ಬುಡದಿಂದ ಬಲಪಕ್ಕೆಯ ಕಡೆಗೆ, ಬಾಗಿದ ಒಂದು ಸುಟ್ಟ ಗಾಯ. ಕೂಸಿನ ತಾಯಿ ಗೋಡೆಯ ಕಡೆ ಹೊರಳಿ ಮಲಗಿದ್ದಳು. ಆಯಿ ಹೊರಗೆ ಬೇವಿನ ಕೆಳಗೆ ಕೂತಿದ್ದರು.

"ಕುಡುಗೋಲು ಕಾಯಿಸಿ ಬಳ್ಳಿ ಕೊಯ್ದಿದ್ದಾಳೆ" ಎಂದರು ಡಾಕ್ಟರು. "ಕೂಸು ಬದುಕುತ್ತೆ. ಆದರೆ ನೀವು ಕೊಟ್ಟ ತರಬೇತಿ ಇದೇನಾ, ಹೇಳಿ."

ಈ ಸೀಮೆಯಲ್ಲಿ ಕೂಸಿಗೆ ಹೊಟ್ಟೆ ಉಬ್ಬಿದರೆ, ಸೆಟೆದರೆ, ಕಾದ ಕಬ್ಬಿಣದಿಂದ ಹೊಟ್ಟೆಯ ಮೇಲೆ ಬರೆ ಎಳೆಯುವ ರೂಢಿಯಿತ್ತು. ಅದರ ವಿರುದ್ಧ ನಾನು ಎರಡು ವರ್ಷ ಊರೂರು ಮಾತನಾಡಿದ್ದೆ. ಆಯಿಯ ಮುಂದೆ ಹೋಗಿ ನಿಂತು ನೇರವಾಗಿ ಕೇಳಿದೆ.

"ಆಯಿ, ಡಬ್ಬ್ಯಾಗ ಕತ್ತರಿ ಇತ್ತಲ್ಲ. ಕುಡುಗೋಲ ಯಾಕ ಕಾಯಿಸಿದ್ರಿ?"

"ನೀವ ಹೇಳಿದ್ರಲ್ರಿ ಅಕ್ಕಾರ."

"ನಾನು?"

"ಅಲಗು ಬೆಂಕಿ ಕಾಣಬೇಕು ಅಂದ್ರಿ. ಪರದೆ ಮ್ಯಾಲೆ ಕುಡುಗೋಲ ಬಂತು. ಕಾದು ಬೆಳ್ಳಗಾತು, ಕಿಡಿ ಹಾರಿತು, ಬಳ್ಳಿ ಕೊಯ್ತು. ಕಡೀಕ ಮತ್ತೊಮ್ಮೆ ತೋರಿಸಿದ್ರಿ, ಮರೀಬ್ಯಾಡ್ರಿ ಅನ್ನೂ ಹಂಗ."

"ಚಿತ್ರದಾಗ ಕುಡುಗೋಲ ಇಲ್ಲ ಆಯಿ. ನಾ ನೋಡೇನಿ."

"ಹಂಗಾರ ನಾ ಕನಸ ಕಂಡೆ ಅನ್ರಿ. ನನ್ನ ಬಾಜೂಕ ಕುಂತಾಕಿನೂ ಅದ ಕನಸ ಕಂಡಾಳ. ಕೇಳ್ರಿ ಬೇಕಾರ." ಅವರೇ ಮುಂದುವರಿಸಿದರು. "ಮೊದಲೆಲ್ಲಾ ನಾ ಕಾಯಿಸ್ತಿದ್ದಿಲ್ಲ. ತೊಳದು ಕೊಯ್ತಿದ್ದೆ. ಬರಿ ಎಳೀಬ್ಯಾಡ್ರಿ ಅಂತ ಊರಾಗ ಬಂದು ಬೈದವ್ರೂ ನೀವ, ಈಗ ಸರಕಾರನ ಕಾಯಿಸ್ರಿ ಅಂತೈತಿ ಅಂತ ಓಣಿ ತುಂಬ ಹೇಳಿದಾಕಿ ನಾ. ಕೈ ನಡುಗಿ ಹೊಟ್ಟಿಗೆ ತಾಗಿತು. ಅದು ನಂದ ತಪ್ಪು. ಉಳಿದದ್ದು ಯಾರದು ನನಗ ತಿಳೀವಲ್ದು."

ಅಂದು ಮಧ್ಯಾಹ್ನವೇ ದವಾಖಾನೆಯಲ್ಲಿಯೇ ಸಮಿತಿಯ ಸಭೆ ಸೇರಿತು. ಅಧ್ಯಕ್ಷರು ಒಂದೇ ಪ್ರಶ್ನೆ ಕೇಳಿದರು: ಚಿತ್ರದಲ್ಲಿ ಕುಡುಗೋಲು ಇದೆಯೋ ಇಲ್ಲವೋ? ನಾನು ಇಲ್ಲವೆಂದೆ. ನನಗೆ ಗೊತ್ತಿದ್ದ ಸತ್ಯ ಅದೇ ಆಗಿತ್ತು. ನೋಂದಣಿ ಪುಸ್ತಕದಲ್ಲಿ ಆಯಿಯ ಹೆಸರಿನ ಮುಂದೆ 'ಅಜ್ಞಾನ ಮತ್ತು ಹಟಮಾರಿತನದಿಂದ ಕೂಸಿಗೆ ಗಾಯ. ಅನುಮತಿ ರದ್ದು' ಎಂದು ಷರಾ ಬರೆದು, ಡಬ್ಬಿಯನ್ನು ಹಿಂದಕ್ಕೆ ತೆಗೆದುಕೊಂಡರು. ಅವರ ಬಾಯಿಂದ ಒಂದು ಮಾತೂ ಕೇಳದೆ, ಬೇವಿನ ಕೆಳಗೇ ಕೂಡ್ರಿಸಿ, ತೀರ್ಪು ಕೊಟ್ಟದ್ದು ಸಮಿತಿಯ ತಪ್ಪು. ಆ ತೀರ್ಪಿಗೆ ಸಾಕ್ಷಿಯಾದದ್ದು ನನ್ನ ತಪ್ಪು.

ಇಂಡಿಗೆ ಮರಳಿ ಚಾಚಾನಿಂದ ಚಿತ್ರವನ್ನು ಹಾಕಿಸಿ ಈ ಸಲ ಪರದೆಯ ಎದುರಿಗೆ ಕೂತು ನೋಡಿದೆ. ಮೊದಲಿಗೆ ಕಡಲ ನಡುವೆ ದೀಪಸ್ತಂಭವೊಂದು ನಿಂತಿರುವ ಕಂಪನಿಯ ಲಾಂಛನ, ನಂತರ ಪಾಠ. ಕುಡುಗೋಲು ಎಲ್ಲಿಯೂ ಇಲ್ಲ. ಎರಡು ಸಲ ನೋಡಿದೆ. ಆಯಿ ಸುಳ್ಳಾಡಿದರೆಂದು ನಂಬಲು ಮನಸ್ಸು ಒಪ್ಪಲಿಲ್ಲ, ಕಣ್ಣು ಬೇರೆ ಸಾಕ್ಷಿ ಕೊಡಲಿಲ್ಲ.

ಚಾಚಾ ಗೋಣಿತಟ್ಟು ಸರಿಸುತ್ತ ಹೇಳಿದರು, "ಇದು ಇಂಡ್ಯಾಗ ಹಾಕಿದ ಸುರುಳಿ ಡಬ್ಬಿ ಅಕ್ಕಾರ. ಹಿಪ್ಪರಗ್ಯಾಗ ಹಾಕಿದ್ದು ಇದಲ್ಲ."

"ಮೂರೂ ಒಂದ ಚಿತ್ರ ಚಾಚಾ. ಮೂರರ ಮ್ಯಾಲೂ ಒಂದ ಹೆಸರೈತಿ."

"ಹೆಸರು ಒಂದ ಇದ್ರ ಮಂದಿ ಒಂದ ಆಗ್ತಾರೇನ್ರಿ? ನಮ್ಮೂರಾಗ ನನ್ನ ಹೆಸರಿನವ್ರು ನಾಕು ಮಂದಿ ಅದಾರ. ಈ ಡಬ್ಬಿಗಳ ತೂಕ ಬ್ಯಾರೆ ಬ್ಯಾರೆ ಐತಿ, ಕೈಯಾಗ ಹಿಡದ್ರ ತಿಳೀತೈತಿ."

ಮೂರು ಡಬ್ಬಿಗಳನ್ನೂ ತೆರೆದು, ಸುರುಳಿಗಳ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಗಡಿಯಾರ ರಿಪೇರಿಯ ಭೂತಗನ್ನಡಿಯಲ್ಲಿ ಒಂದೊಂದೇ ಚೌಕ ನೋಡಿದೆವು. ಮೊದಲನೆಯದರಲ್ಲಿ ದೀಪಸ್ತಂಭ, ನಾಲ್ಕು ಸೆಕೆಂಡಿನದು, ತರಬೇತಿಯ ದಿನ ನಾನು ನೋಡಿದ್ದು ಇದನ್ನೇ. ಎರಡನೆಯದರಲ್ಲಿ ದೀಪಸ್ತಂಭವಿಲ್ಲ. ಒಂದರೊಳಗೊಂದು ಸಿಕ್ಕಿಕೊಂಡ ಎರಡು ಬಳೆಗಳಿವೆ, ಐದು ಸೆಕೆಂಡಿಗೆ ಸ್ವಲ್ಪ ಹೆಚ್ಚು. ಮೂರನೆಯದರಲ್ಲಿ ಕತ್ತಲೆಯೊಳಗಿಂದ ಬಾಗಿದ ಗೆರೆಯೊಂದು ಎದ್ದು ಬರುತ್ತದೆ. ಬೂದು ಬಣ್ಣದಿಂದ ಬೆಳ್ಳಗಾಗುತ್ತದೆ. ಅದರ ಅಂಚಿನಿಂದ ಕಿಡಿಗಳು ಸಿಡಿಯುತ್ತವೆ. ಅಡ್ಡಲಾಗಿ ಮಲಗಿದ್ದ ಇನ್ನೊಂದು ಗೆರೆಯ ಮೇಲೆ ಅದು ಬೀಸಿ ಇಳಿದು ಆ ಗೆರೆಯನ್ನು ಎರಡು ತುಂಡು ಮಾಡುತ್ತದೆ. ತುಂಡುಗಳ ನಡುವೆ ಕಂಪನಿಯ ಹೆಸರು ಮೂಡುತ್ತದೆ. ಚಾಚಾ ಅಳತೆಪಟ್ಟಿ ಹಿಡಿದು ಅಳೆದರು. ಆರೂವರೆ ಅಡಿಗಿಂತ ಒಂದು ಬೆರಳು ಹೆಚ್ಚು, ಅಂದರೆ ಹನ್ನೊಂದು ಸೆಕೆಂಡು.

"ಕುಡುಗೋಲ" ಎಂದರು ಚಾಚಾ, ಬಹಳ ಮೆಲ್ಲಗೆ.

ನಾನು ನನ್ನ ವಿವರಣೆಯ ಹಾಳೆ ಬಿಡಿಸಿದೆ. ನಾಲ್ಕನೆಯ ಸೆಕೆಂಡಿನ ಮುಂದೆ ನನ್ನದೇ ಅಕ್ಷರದಲ್ಲಿ ಹೀಗಿತ್ತು: 'ತಾಯಂದಿರೇ, ಬಳ್ಳಿ ಕತ್ತರಿಸುವ ಮುನ್ನ ಮಾಡಬೇಕಾದ ಮೊದಲ ಕೆಲಸವನ್ನು ನೋಡಿರಿ. ಅಲಗು ಬೆಂಕಿಯನ್ನು ಕಾಣಲೇಬೇಕು.' ಕತ್ತರಿಯನ್ನು ಕುದಿಸುವ ದೃಶ್ಯಕ್ಕೆಂದು ಬರೆದ ಮಾತು ಅದು. ಕುದಿಸಿರಿ ಎಂದು ನೇರವಾಗಿ ಬರೆಯುವ ಬದಲು ಮಾತಿಗೆ ಚೆಲುವು ಬರಲೆಂದು ಹಾಗೆ ತಿರುಗಿಸಿದ್ದೆ. ಹನ್ನೊಂದು ಸೆಕೆಂಡಿನ ಸುರುಳಿಯಲ್ಲಿ ಆ ಮಾತು ಬಿದ್ದದ್ದು ಕಾದು ಬೆಳ್ಳಗಾಗುತ್ತಿದ್ದ ಗೆರೆಯ ಮೇಲೆ. ಮುಂದಿನ ಪ್ರತಿ ಮಾತೂ ಏಳು ಸೆಕೆಂಡು ಮುಂಚೆ ಓಡಿತ್ತು. ಸಿಂದಗಿಯಲ್ಲಿ ಹಾಕಿದ್ದೂ ಇದೇ ಸುರುಳಿ, ಅಲ್ಲಿಯ ಹೆಂಗಸರು ನಕ್ಕದ್ದೂ ಇದಕ್ಕೇ. ಚಾಚಾನ ಕ್ಷಮೆ ಕೇಳಿದೆ. "ಹೋಗ್ಲಿ ಬಿಡ್ರಿ, ಯಂತ್ರ ಸ್ವಚ್ಛಾತು" ಎಂದರು.

ಒಂದೇ ಚಿತ್ರಕ್ಕೆ ಮೂರು ಲಾಂಛನಗಳು ಏಕೆ? ಡಬ್ಬಿಯ ಮೇಲಿದ್ದ ಮುಂಬಯಿಯ ವಿಳಾಸಕ್ಕೆ ವಿವರವಾಗಿ ಬರೆದೆ. ತಿಂಗಳು ಕಳೆದ ಮೇಲೆ ಉತ್ತರ ಬಂತು. ಅದನ್ನು ಹತ್ತು ಸಲ ಓದಿರಬಹುದು. ನನಗೆ ಅರ್ಥವಾದದ್ದು ಇಷ್ಟು. ದೀಪಸ್ತಂಭದ ಕಂಪನಿ ಮೂಲದ್ದು. ಅದು ಇನ್ನೊಂದು ಟೆಲಿವಿಷನ್ ಕಂಪನಿಯೊಡನೆ ಸೇರಿದಾಗ ಬಳೆಗಳು ಬಂದವು. ಆಮೇಲೆ ಎರಡನ್ನೂ, ಜೊತೆಗೆ ಸಂಗೀತದ ಗ್ರಾಮಫೋನ್ ತಟ್ಟೆ ಒತ್ತುವ ಹಾಗೂ ಟೆಲಿವಿಷನ್ ಪೆಟ್ಟಿಗೆ ಬಾಡಿಗೆಗೆ ಕೊಡುವ ಕಂಪನಿಗಳನ್ನೂ ಒಂದು ಹಿಡುವಳಿ ಕಂಪನಿ ತನ್ನ ಕೈಗೆ ತೆಗೆದುಕೊಂಡಿತು. ಬಾಗಿದ ಗೆರೆ ಅದರದು. ಹಳೆಯ ಚಿತ್ರಗಳ ಹೊಸ ಪ್ರತಿಗಳಿಗೆಲ್ಲ ಅದನ್ನು ಮುಂದೆಯೂ ಹಿಂದೆಯೂ ಅಂಟಿಸಲಾಗಿದೆ. ಚಿತ್ರ ತಯಾರಿಸಿದವರಿಗೆ ಲಾಂಛನ ಬದಲಿಸುವ ಹಕ್ಕಿಲ್ಲ, ಏಕೆಂದರೆ ಅದು ಹಿಡುವಳಿ ಕಂಪನಿಯ ಸ್ವತ್ತು. ಹಿಡುವಳಿ ಕಂಪನಿಗೆ ಚಿತ್ರದ ಹೊಣೆಯಿಲ್ಲ, ಏಕೆಂದರೆ ಅದು ಚಿತ್ರ ತಯಾರಿಸುವುದಿಲ್ಲ, ಷೇರುಗಳನ್ನು ಮಾತ್ರ ಹಿಡಿದುಕೊಂಡಿರುತ್ತದೆ. ಮುಂಬಯಿಯವರಿಗೆ ಎರಡೂ ಇಲ್ಲ, ಅವರು ಏಜೆಂಟರು. ಆ ಲಾಂಛನವನ್ನು ಇಂಗ್ಲೆಂಡಿನ ಮನೆಮನೆಗಳಲ್ಲಿ ದಿನವೂ ನೋಡುತ್ತಾರೆ, ಯಾರೂ ತಪ್ಪು ತಿಳಿದದ್ದಿಲ್ಲ ಎಂದೂ ಬರೆದಿದ್ದರು. ಕೊನೆಗೆ, ಒಪ್ಪಂದದ ಪ್ರಕಾರ ಅದನ್ನು ಕತ್ತರಿಸುವುದಾಗಲಿ ಮುಚ್ಚುವುದಾಗಲಿ ನಿಷಿದ್ಧ ಎಂಬ ಎಚ್ಚರಿಕೆ.

ಚಾಚಾನಿಗೆ ಓದಿ ಹೇಳಿದೆ.

"ಹಿಡುವಳಿ ಅಂದ್ರ ಹೊಲ ಎಷ್ಟೈತಂತ್ರಿ ಅವರದು?"

"ಹೊಲ ಇಲ್ಲ ಚಾಚಾ. ಕಂಪನಿಗಳನ್ನ ಹಿಡಕೊಂಡಾರ."

"ಬಿತ್ತಾವ ಒಬ್ಬ, ರಾಶಿ ಒಯ್ಯಾವ ಒಬ್ಬ, ಹೊಲದ ಬಾಂಧಿಗೆ ಕಲ್ಲ ನೆಟ್ಟಾವ ಇನ್ನೊಬ್ಬ. ದನ ಬಂದು ಮೇದ್ರ ಕೇಳೂದು ಯಾರನ್ನ?"

ವಿದ್ಯಾವಂತಳೆಂದು ಸಂಬಳ ಪಡೆಯುತ್ತಿದ್ದ ನನಗೇ ಮೂರು ಕಂಪನಿಗಳ ಈ ಗಂಟು ಬಿಡಿಸಲಾಗದಿದ್ದಾಗ, ಒಂದು ಗೆರೆಯನ್ನು ಕುಡುಗೋಲೆಂದು ತಿಳಿದ ಆಯಿಯನ್ನು ಅಜ್ಞಾನಿ ಎಂದು ಯಾವ ಬಾಯಿಂದ ಅನ್ನುವುದು?

ಆದರೂ ಒಂದು ಸಂಶಯ ಉಳಿದಿತ್ತು. ತಪ್ಪು ನನ್ನ ಮಾತಿನದೋ, ಲಾಂಛನದ್ದೋ? ಮುದ್ದೇಬಿಹಾಳದ ಪ್ರದರ್ಶನವನ್ನು ಪರೀಕ್ಷೆಯಾಗಿ ಮಾಡಿದೆ. ಮೂರನೆಯ ಸುರುಳಿಯನ್ನೇ ಹಾಕಿಸಿ, ಲಾಂಛನ ಕಳೆಯುವವರೆಗೆ ಬಾಯಿ ಮುಚ್ಚಿಕೊಂಡಿದ್ದು, ಮುಂದಿನ ಮಾತುಗಳನ್ನು ಚಿತ್ರ ನೋಡಿಕೊಂಡೇ ಓದಿದೆ. ಮುಗಿದ ಮೇಲೆ ಒಬ್ಬೊಬ್ಬರನ್ನೇ ಪಕ್ಕದ ಕೋಣೆಗೆ ಕರೆದು, ಏನು ನೋಡಿದಿರಿ, ಮೊದಲಿನಿಂದ ಹೇಳಿರಿ ಎಂದೆ. ಅದುವರೆಗೆ ಒಬ್ಬ ಹೆಂಗಸನ್ನೂ ನಾವು ಹೀಗೆ ಕೇಳಿರಲಿಲ್ಲ. ಬಂದವರ ತಲೆ ಎಣಿಸಿ ವರದಿ ಕಳಿಸುತ್ತಿದ್ದೆವು. ಈ ತಪ್ಪು ನಮ್ಮೆಲ್ಲರದು.

ಮೊದಲು ಬಂದಾಕೆ ಹೇಳಿದಳು, "ಕುಡುಗೋಲ ಕಾಯಿಸಿ ಬಳ್ಳಿ ಕೊಯ್ಯೂದು. ಆಮ್ಯಾಲೆ ಏನೋ ದೊಡ್ಡಮಂದಿ ದವಾಖಾನಿ ತೋರಿಸಿದ್ರಿ."

"ಆ ದವಾಖಾನ್ಯಾಗ ಏನ ಮಾಡಿದ್ರು?"

"ಗಾಜಿನ ಬೋಗುಣ್ಯಾಗ ನೀರ ಇಟ್ರು. ಒಲಿ ಇಲ್ಲ, ಉರಿ ಇಲ್ಲ, ಹೊಗಿ ಇಲ್ಲ. ಅದು ನಮಗೇನ ಹತ್ತೂದ್ರಿ?"

ಬಂದವರಲ್ಲಿ ಹೆಚ್ಚಿನವರು ಕುಡುಗೋಲಿನಿಂದಲೇ ಆರಂಭಿಸಿದರು. ಪಾಠಕ್ಕಿಂತ ಲಾಂಛನ ಸ್ಪಷ್ಟವಾಗಿತ್ತು. ವಿದ್ಯುತ್ ಒಲೆಯ ಮೇಲೆ ಗಾಜಿನ ಪಾತ್ರೆಯಲ್ಲಿ ಕುದಿಯುವ ಕತ್ತರಿ ಅವರ ಲೋಕದ್ದಲ್ಲ. ಬೆಂಕಿಯಲ್ಲಿ ಬೆಳ್ಳಗಾಗುವ ಬಾಗಿದ ಅಲಗು ಅವರ ಅಟ್ಟದ ಮೇಲಿನದು. ಬರೆ ಎಳೆಯುವ ರೂಢಿ ಅದಕ್ಕೆ ಅರ್ಥವನ್ನೂ ಒದಗಿಸಿಕೊಟ್ಟಿತ್ತು.

ಕುಡುಗೋಲು ಕಾಯಿಸಬಾರದೆಂದು ಅವರಿಗೆಲ್ಲ ತಿಳಿಹೇಳಿ, ಅಲ್ಲಿಯೇ ನಾನು ತೀರ್ಮಾನಿಸಿದೆ. "ಚಾಚಾ, ಮೂರೂ ಸುರುಳಿಯಿಂದ ಲಾಂಛನ ಕತ್ತರಿಸೂಣು."

"ಗುನ್ಹೆ ಆಗ್ತೈತಿ ಅಕ್ಕಾರ. ಡಬ್ಬಿ ಮ್ಯಾಲ ಬರದಾರ."

"ಕತ್ತರಿ ನಾ ಹಾಕ್ತೇನಿ. ನೀವು ಅಂಟಿಸಿ ಕೊಡ್ರಿ."

"ನೀವು ಕತ್ತರಿಸಿದ್ರ ಸೊಟ್ಟ ಆಗ್ತೈತಿ" ಎಂದರು. "ಆದ್ರ ಕಾಗದದ ಮ್ಯಾಲ ನೀವ ಕತ್ತರಿಸಿದ್ದು ಅಂತ ಬರೀರಿ. ನನಗ ಮೂರು ಹೆಣ್ಣಮಕ್ಕಳದಾರ." ಹಾಗೆಯೇ ಬರೆದು ಸಹಿ ಮಾಡಿ ಅವರ ಕೈಗೆ ಕೊಟ್ಟೆ.

ಕೆಲಸ ನಾನು ತಿಳಿದಷ್ಟು ಸುಲಭವಿರಲಿಲ್ಲ. ಈ ಬಗೆಯ ಸುರುಳಿಯಲ್ಲಿ ಚಿತ್ರಕ್ಕಿಂತ ಅದರ ದನಿ ಇಪ್ಪತ್ತಾರು ಚೌಕ ಮುಂದಿರುತ್ತದೆ. ಚಿತ್ರ ನೋಡಿ ಕತ್ತರಿಸಿದರೆ ಮುಂದಿನ ಮಾತಿನ ತಲೆ ಹೋಗುತ್ತದೆ, ಕತ್ತರಿಸಿದ ಚಿತ್ರದ ಸದ್ದಿನ ತಲೆ ಉಳಿಯುತ್ತದೆ. ಆರಂಭದಲ್ಲಿ ಇಂಗ್ಲಿಷ್ ಮಾತು ಹೋದರೆ ನಮಗೆ ನಷ್ಟವಿರಲಿಲ್ಲ. ಕೊನೆಯಲ್ಲಿ ಮಾತ್ರ, ಲಾಂಛನದೊಂದಿಗೆ ಮೊಳಗುವ ನಗಾರಿಯ ಒಂದು ಸೆಕೆಂಡು ತಾಯಿಯ ನಗುಮುಖದ ಮೇಲೆ ಉಳಿದುಕೊಂಡಿತು. ಎರಡು ಸಲ ಅಂಟು ಬಿಚ್ಚಿ ಸುರುಳಿ ತುಂಡಾಯಿತು. ಚಾಚಾ ಹಳೆಯ ಅಂಟನ್ನು ಬ್ಲೇಡಿನಿಂದ ಕೆರೆದು, ಉಸಿರು ಬಿಗಿಹಿಡಿದು, ಮೂರನೆಯ ಸಲ ಕೂಡಿಸಿದರು.

ಬಸವನ ಬಾಗೇವಾಡಿಯಲ್ಲಿ ಕತ್ತರಿಸಿದ ಸುರುಳಿಯನ್ನು ತೋರಿಸಿದೆವು. ಚಿತ್ರಕ್ಕಿಂತ ಮುಂಚೆ ಅಂಗಳದಲ್ಲಿ ಮೂರು ಕಲ್ಲು ಹೂಡಿ, ಜಾಲಿ ಕಟ್ಟಿಗೆ ಉರಿಸಿ, ಡಬ್ಬಿಯಲ್ಲಿದ್ದ ಕತ್ತರಿಯನ್ನೇ ಅವರೆದುರು ನೀರಿನಲ್ಲಿ ಕುದಿಸಿ, ಆರಿಸಿ, ಕೈಗೆ ಕೊಟ್ಟೆವು. ಆಮೇಲೆ ಒಬ್ಬೊಬ್ಬರನ್ನೇ ಕೇಳಿದಾಗ ಎಲ್ಲರೂ ನೀರಿನಿಂದಲೇ ಆರಂಭಿಸಿದರು. ಒಬ್ಬಾಕೆ ಮಾತ್ರ, "ಕೂಸ ಹುಟ್ಟಿದ್ದಕ್ಕ ಕಡೀಕ ನಗಾರಿ ಬಡದ್ರಲ್ಲ, ಹೆಣ್ಣ ಹುಟ್ಟಿದ್ರೂ ಬಡೀತಾರೇನ್ರಿ ಆ ದೇಶದಾಗ?" ಎಂದು ಕೇಳಿದಳು. ಬಡಿಯುತ್ತಾರೆ ಎಂದೆ. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ.

ಇಷ್ಟೆಲ್ಲ ಸಾಕ್ಷ್ಯದೊಡನೆ ಸಮಿತಿಯ ಮುಂದೆ ಹೋದೆ. ಕತ್ತರಿಸಿದ ತುಂಡನ್ನು ಕಿಟಕಿಗೆ ಹಿಡಿದು ತೋರಿಸಿದೆ. ಚಿತ್ರದಲ್ಲಿ ಕುಡುಗೋಲು ಇಲ್ಲವೆಂದ ನನ್ನ ಹೇಳಿಕೆ ತಪ್ಪು, ನನ್ನ ಮಾತು ಆ ಗೆರೆಯ ಮೇಲೆ ಬಿದ್ದದ್ದು ನಿಜ, ಷರಾ ನನ್ನ ಹೆಸರಿನ ಮುಂದೆ ಬರೆಯಿರಿ ಎಂದು ಲಿಖಿತವಾಗಿ ಕೊಟ್ಟೆ.

ಸಭೆಗೆ ಬಂದಿದ್ದ ಡಾಕ್ಟರು ತುಂಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಹೌದು, ಕುಡುಗೋಲಿನ ಹಾಗೇ ಇದೆ" ಎಂದರು.

"ಕುಡುಗೋಲಿನ ಹಂಗ ಇರೂದು ಬ್ಯಾರೆ, ಕುಡುಗೋಲ ಇರೂದು ಬ್ಯಾರೆ" ಎಂದರು ಅಧ್ಯಕ್ಷರು. "ಬಾಯಾರ, ಲಾಂಛನದ ಮ್ಯಾಲೆ ಫಿರ್ಯಾದಿ ಕೊಡ್ತೀರೇನು? ವಿಲಾಯತಿಯವ್ರು ಚಿತ್ರ ಕೊಡೂದು ನಿಲ್ಲಿಸಿದ್ರ ಜವಾಬ್ದಾರಿ ಯಾರದು? ಕತ್ತರಿಸಿದ್ದು ಯಾರು ಅದನ್ನ ಮೊದಲ ಹೇಳ್ರಿ."

ಕತ್ತರಿಸಿದ್ದು ನಾನೇ ಎಂದೆ. ಒಪ್ಪಂದ ಮುರಿದದ್ದಕ್ಕೆ ನನಗೆ ಎಚ್ಚರಿಕೆಯ ಕಾಗದ ಕೊಟ್ಟರು. ಸುರುಳಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆಯಿಯ ವಿಷಯ ಮುಗಿದುಹೋದದ್ದು, ಮತ್ತೆ ತೆರೆಯುವ ಪದ್ಧತಿಯಿಲ್ಲ ಎಂದರು. ಆಯಿಯ ಹಳ್ಳಿಗೆ ನೇಮಿಸಬೇಕಾಗಿದ್ದ ಬೇರೆ ಸೂಲಗಿತ್ತಿ ಇಂದಿಗೂ ನೇಮಕವಾಗಿಲ್ಲ. ಅಲ್ಲಿಗೆ ನಾನು ಹೋದಾಗ ಆಯಿ ತೊಗರಿ ಕೇರುತ್ತಿದ್ದರು.

"ಮಂದಿ ಈಗೂ ಬಂದು ಬಾಗಿಲ ಬಡೀತಾರ" ಎಂದರು. "ಹೋದ್ರ ಜೇಲ ಅಂತ ಗೌಡರು ಹೆದರಿಸ್ಯಾರ. ಹೋಗಲಿಲ್ಲಂದ್ರ ಅವರ ಮನಿ ಒಳಗಿನಿಂದ ಚೀರೂದು ಕೇಳ್ತೈತಿ. ಯಾವುದು ತಪ್ಪು ನೀವ ಹೇಳ್ರಿ ಅಕ್ಕಾರ, ನೀವು ಓದಿದವ್ರು."

ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು, ಕಂಪನಿಯವರು ಮತ್ತು ಸಮಿತಿಯವರು. ಆದ್ದರಿಂದ ಹೆಸರಿಲ್ಲದ ಲೋಕಕ್ಕಲ್ಲ, ನಿಮಗೇ ಹೇಳುತ್ತಿದ್ದೇನೆ. ಹಿಡುವಳಿ ಕಂಪನಿಯ ಮಾಲೀಕರೇ, ಹೆರಿಗೆಯ ಪಾಠದ ಪ್ರತಿಯೊಂದು ಪ್ರತಿಯಿಂದಲೂ, ಮುಂದಿನಿಂದಲೂ ಹಿಂದಿನಿಂದಲೂ, ನಿಮ್ಮ ಲಾಂಛನವನ್ನು ತೆಗೆಯಿರಿ. ತೆಗೆದೆವೆಂದು ನಿಮ್ಮದೇ ಸಹಿಯ ಕಾಗದವನ್ನು ಈ ಜಿಲ್ಲೆಗೆ ಕಳಿಸಿರಿ. ಏಜೆಂಟರ ಸಹಿ ಸಾಲದು. ಸಮಿತಿಯ ಅಧ್ಯಕ್ಷರೇ, ಮುಂದಿನ ಸಭೆಯ ಮೊದಲ ವಿಷಯವಾಗಿ ಆ ನೋಂದಣಿ ಪುಸ್ತಕವನ್ನು ತೆರೆಯಿರಿ. 'ಅಜ್ಞಾನ ಮತ್ತು ಹಟಮಾರಿತನ' ಎಂಬ ಸಾಲನ್ನು ಹೊಡೆದು ಹಾಕಿ, ಅದರ ಕೆಳಗೆ 'ತೋರಿಸಿದವರ ತಪ್ಪು' ಎಂದು ಬರೆದು ಸಹಿ ಮಾಡಿರಿ. ಆ ಅಲ್ಯುಮಿನಿಯಂ ಡಬ್ಬಿಯನ್ನು ಜವಾನನ ಕೈಯಲ್ಲಿ ಕಳಿಸದೆ ನೀವೇ ಆ ಹಳ್ಳಿಗೆ ಒಯ್ದು, ಚಾವಡಿಯಲ್ಲಿ, ಗೌಡರ ಎದುರಿಗೆ, ಬಾಗಿಲು ಬಡಿಯಲು ಬರುವ ಹೆಂಗಸರ ಎದುರಿಗೆ, ಆಯಿಯ ಎರಡೂ ಕೈಗೆ ಕೊಡಿರಿ.